ಸೂಪರ್‌ಹೀರೋ ಸಿನಿಮಾದ ಅಸಲಿ ವಾಹನ ಕೊಳ್ಳುವುದು ಹೇಗೆ: ಕಾಸರಗೋಡಿನವರಿಗೆ ಹಂತ ಹಂತದ ಮಾರ್ಗದರ್ಶಿ

ಮಂಜೇಶ್ವರ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಹರಾಜಿನಲ್ಲಿ ನನಗೇ ಸಿಕ್ಕಿತು, ಈಗ ಊರಿಗೆ ತರಿಸುವುದು ಹೇಗೆ?" ಈ ಪ್ರಶ್ನೆ ಹರಾಜಿನ ನಂತರ ಬಂದರೆ ಕೆಲಸ ಅರ್ಧ ಕೆಟ್ಟಾಗಿದೆ ಎಂದೇ ಅರ್ಥ. ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಬಿಡ್ ಹಾಕುತ್ತಾರೆ, ಆಮೇಲೆ ಕಾಗದ ಕೇಳುತ್ತಾರೆ, ಕೊನೆಗೆ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಕಸ್ಟಮ್ಸ್ ಬ್ರೋಕರಿಗೆ ಫೋನ್ ಮಾಡುತ್ತಾರೆ. ಆಗಬೇಕಾದದ್ದು ಸರಿಯಾಗಿ ಇದರ ಉಲ್ಟಾ.

ಕೈಯಲ್ಲಿ ಇರಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಉದ್ದದ ಟೇಪು, ಒಳ್ಳೆಯ ಟಾರ್ಚು, ಒಂದು ಸಣ್ಣ ಅಯಸ್ಕಾಂತ, ಮೊಬೈಲಿಗೆ ಸಿಕ್ಕಿಸುವ ಕೊಳವೆ ಕ್ಯಾಮೆರಾ, ಗಾಳಿಯ ತೇವ ಅಳೆಯುವ ಮೀಟರು. ಜೊತೆಗೆ ಆ ಸಿನಿಮಾದ ಒಳ್ಳೆಯ ಗುಣಮಟ್ಟದ ಡಿಸ್ಕು. ಯೂಟ್ಯೂಬ್ ತುಣುಕು ಸಾಲದು. ಯಾಕೆ ಎಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಯಾವ ಬಗೆಯದ್ದು ಬೇಕು ಎಂದು ಬರೆದಿಡಿ

ಒಂದು ಸಿನಿಮಾಕ್ಕೆ ಒಂದೇ ವಾಹನ ಮಾಡುವುದಿಲ್ಲ. ಹತ್ತಿರದಿಂದ ತೋರಿಸಲು ಒಂದು ಇರುತ್ತದೆ, ಅದು ಹೀರೋ ಕಾರು. ಹಾರಿಸಲು, ಗುದ್ದಿಸಲು ಬೇರೆ, ಅವು ಸ್ಟಂಟ್ ಕಾರುಗಳು. ಒಳಗೆ ಕೂತು ಮಾತಾಡುವ ದೃಶ್ಯಕ್ಕೆ ಎಂಜಿನ್ನೇ ಇಲ್ಲದ ಅರ್ಧ ಒಡಲು, ಅದಕ್ಕೆ ಬಕ್ ಎನ್ನುತ್ತಾರೆ. ಬಿಡುಗಡೆ ಸಮಯದಲ್ಲಿ ಊರೂರು ಸುತ್ತಿಸುವ ಪ್ರಚಾರದ ಕಾರು ಇನ್ನೊಂದು. ಇವೆಲ್ಲವನ್ನೂ "ಅಸಲಿ" ಎಂದೇ ಮಾರುತ್ತಾರೆ. ಸುಳ್ಳೇನಲ್ಲ. ಆದರೆ ಬೆಲೆಯಲ್ಲಿ ಅಜಗಜಾಂತರ.

ಇದಲ್ಲದೆ ಅನುಮತಿ ಪಡೆದು ಮಾಡಿದ ನಕಲುಗಳೂ ಇವೆ. 2024ರಲ್ಲಿ ವಾರ್ನರ್ ಬ್ರದರ್ಸ್ ಒಪ್ಪಿಗೆಯಲ್ಲಿ ಬ್ಯಾಟ್‌ಮ್ಯಾನ್‌ನ ಟಂಬ್ಲರ್ ವಾಹನದ 10 ಪ್ರತಿಗಳನ್ನು ಒಂದಕ್ಕೆ ಸುಮಾರು 30 ಲಕ್ಷ ಡಾಲರಿನಂತೆ ಮಾರಾಟಕ್ಕೆ ಇಟ್ಟರು. ಅವು ಓಡುತ್ತವೆ. ಆದರೆ ರಸ್ತೆಗೆ ಇಳಿಸುವಂತಿಲ್ಲ, ಸಿನಿಮಾದಲ್ಲಿ ಬಂದದ್ದೂ ಅಲ್ಲ. ಅಷ್ಟು ಬೆಲೆ ಇದ್ದ ಮಾತ್ರಕ್ಕೆ ಅದು ತೆರೆಯ ಮೇಲೆ ಬಂದ ವಾಹನ ಆಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ನೀವು ತೆರೆಯಲ್ಲಿ ನೋಡಿದ ವಾಹನ ನಿಜವಾಗಿ ಇತ್ತೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಈಗಿನ ಸಿನಿಮಾಗಳಲ್ಲಿ ಎಷ್ಟೋ ವಾಹನಗಳು ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ.

ಹಂತ 2: ಕಾನೂನು ಏನು ಹೇಳುತ್ತದೆ, ಬಿಡ್ ಹಾಕುವ ಮೊದಲೇ ತಿಳಿಯಿರಿ

ಇಲ್ಲಿ ಅವಸರ ಬೇಡ. ಮುಂದಿನ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ವಿದೇಶದ ಹಳೆ ವಾಹನ ಭಾರತಕ್ಕೆ ತರಲು ಕೆಲವು ಗಟ್ಟಿ ಷರತ್ತುಗಳಿವೆ. ತಯಾರಾಗಿ 3 ವರ್ಷ ದಾಟಿರಬಾರದು. ಸ್ಟಿಯರಿಂಗ್ ಬಲಗಡೆ ಇರಬೇಕು. ಬರುವುದು ಮುಂಬೈ ಬಂದರಿನ ಮೂಲಕ ಮಾತ್ರ. ಕೊಚ್ಚಿಯೋ ಮಂಗಳೂರೋ ಹತ್ತಿರ ಎಂದು ಅಲ್ಲಿಗೆ ತರಿಸಿದರೆ ಹಳೆ ವಾಹನ ಅಲ್ಲೇ ಸಿಕ್ಕಿಬೀಳುತ್ತದೆ. ಹಾಲಿವುಡ್ಡಿನ ಕಾರು ಎಡಗಡೆ ಸ್ಟಿಯರಿಂಗಿನದ್ದು, 3 ವರ್ಷಕ್ಕಿಂತ ಹಳೆಯದ್ದು. ಅಂದರೆ ಹೆಚ್ಚಿನವು ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತವೆ. "ದುಬೈಯಲ್ಲಿ ಭಾವ ಇದ್ದಾನೆ, ಅವನ ಹೆಸರಲ್ಲಿ ತೆಗೆದು ಕಳಿಸುತ್ತಾನೆ" ಎನ್ನುವವರು ನಮ್ಮಲ್ಲಿ ಜಾಸ್ತಿ. ಅಲ್ಲಿಯ ಗಾಡಿಗಳೂ ಎಡಗಡೆಯವೇ. ಭಾವ ಎಷ್ಟು ಒಳ್ಳೆಯವನಾದರೂ ಷರತ್ತು ಬದಲಾಗುವುದಿಲ್ಲ.

"ಹಾಗಾದರೆ ವಿಂಟೇಜ್ ಎಂದು ತೋರಿಸೋಣ" ಎನ್ನುತ್ತಾರೆ ಕೆಲವರು. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಇದೆ, 'ವಿಎ' ಅಕ್ಷರ ಇರುವ ನಂಬರೂ ಸಿಗುತ್ತದೆ. ಆದರೆ ಚಾಸಿ, ಒಡಲು, ಎಂಜಿನ್ ದೊಡ್ಡ ರೀತಿಯಲ್ಲಿ ಬದಲಾಗಿರಬಾರದು. ಸಿನಿಮಾ ವಾಹನ ಎಂದರೇ ಬದಲಾಯಿಸಿದ ವಾಹನ. 1966ರ ಟಿವಿ ಸರಣಿಯಲ್ಲಿ ಬ್ಯಾಟ್‌ಮ್ಯಾನ್ ಓಡಿಸುತ್ತಿದ್ದ ಕಾರು, ಬ್ಯಾಟ್‌ಮೊಬೈಲನ್ನೇ ನೋಡಿ. ಅದನ್ನು ಜಾರ್ಜ್ ಬ್ಯಾರಿಸ್ ಮಾಡಿದ್ದು 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರಿನಿಂದ. ವಯಸ್ಸು ಸಾಕಷ್ಟು ಆಗಿದೆ, ಆದರೆ ಮೂಲ ರೂಪ ಉಳಿದಿಲ್ಲ.

ಭಾರತದಲ್ಲೇ ಮಾಡಿದ ಸಿನಿಮಾ ವಾಹನಕ್ಕೂ ಈ ತೊಡಕು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು. ಆ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಇಲ್ಲಿಯ ಮೋಟಾರು ವಾಹನ ಇಲಾಖೆ ಒಂದು ಅಗಲದ ಟಯರನ್ನೂ ಬಿಡುವುದಿಲ್ಲ. ಬಾವಲಿ ರೆಕ್ಕೆ ಬಿಡುತ್ತದೆಯೇ?

ಅಗಲದ ಲೆಕ್ಕವೂ ಇದೆ. ರಸ್ತೆಯ ವಾಹನ 2.6 ಮೀಟರಿಗಿಂತ ಅಗಲ ಇರಬಾರದು. ಟಂಬ್ಲರ್ ಸುಮಾರು 2.8 ಮೀಟರ್.

ಹಾಗಾಗಿ ದಾರಿ ಉಳಿಯುವುದು ಮೂರು. ಒಂದು, ಭಾರತದ ಸಿನಿಮಾದಲ್ಲಿ ಬಳಸಿದ, ಆರ್‌ಸಿ ಸರಿ ಇರುವ ಮಾಮೂಲಿ ವಾಹನ. ಎರಡು, ವಿದೇಶದಲ್ಲಿ ಕೊಂಡು ಅಲ್ಲೇ ಗೋದಾಮಿನಲ್ಲೋ ಮ್ಯೂಸಿಯಂನಲ್ಲೋ ಇಡುವುದು. ಮೂರು, ಓಡಿಸದ ಪ್ರದರ್ಶನ ವಸ್ತುವಾಗಿ ತರುವುದು. ಮೂರನೆಯದನ್ನು ಎಲ್ಲರೂ ಸುಲಭ ಎಂದುಕೊಳ್ಳುತ್ತಾರೆ. ಅಲ್ಲ. ಎಂಜಿನ್ ತೆಗೆದ ಮಾತ್ರಕ್ಕೆ ಅದು ಕಾರಲ್ಲ ಎಂದು ಕಸ್ಟಮ್ಸ್ ಒಪ್ಪಬೇಕಾಗಿಲ್ಲ. ಕಾರಿನ ಮುಖ್ಯ ಲಕ್ಷಣ ಉಳಿದಿದ್ದರೆ ಅಪೂರ್ಣ ವಸ್ತುವನ್ನೂ ಪೂರ್ಣ ಎಂದೇ ವರ್ಗ ಮಾಡುವ ನಿಯಮ ಇದೆ. ಮೇಲಿಂದ, ಬಂಡವಾಳ ಸರಕು (ಕಾರ್ಖಾನೆಯ ಯಂತ್ರದಂಥದ್ದು) ಅಲ್ಲದ ಹಳೆ ವಸ್ತುಗಳ ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಬೇಕು. ಬರೀ ಬಾಗಿಲು ಅಥವಾ ಚಕ್ರ ತರಿಸುವವರೂ ಇದನ್ನು ಕೇಳಿಕೊಳ್ಳಬೇಕು.

ಅನುಮಾನ ಇದ್ದರೆ ಮುಂಬೈಯಲ್ಲಿ ಕಸ್ಟಮ್ಸಿನ ಮುಂಗಡ ತೀರ್ಪು ಪ್ರಾಧಿಕಾರ ಇದೆ. ವಸ್ತು ತರುವ ಮೊದಲೇ ಅದು ಯಾವ ವರ್ಗ ಎಂದು ಲಿಖಿತವಾಗಿ ಕೇಳಬಹುದು. ಸಮಯ ಹಿಡಿಯುತ್ತದೆ, ಆದರೆ ಬಂದರಿನಲ್ಲಿ ವಾದ ಮಾಡುವುದಕ್ಕಿಂತ ವಾಸಿ.

ಎಚ್ಚರಿಕೆಯ ಗುರುತು: ಯಾರಾದರೂ "ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ಕೊಡುತ್ತೇವೆ, ಚಿಂತೆ ಬೇಡ" ಎಂದರೆ ಅಲ್ಲಿಂದಲೇ ಎದ್ದು ಬನ್ನಿ. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ 'ನುಮ್ಖೋರ್' ಎಂಬ ಕಾರ್ಯಾಚರಣೆ ನಡೆಸಿತು. ಭೂತಾನ್ ಮೂಲಕ ಕಳ್ಳದಾರಿಯಲ್ಲಿ ತಂದವು ಎನ್ನಲಾದ ಕಾರುಗಳನ್ನು ಕೇರಳದ ಉದ್ದಕ್ಕೂ ಹುಡುಕಿ ಹಿಡಿದರು. ಹಿಡಿದಾಗ ಕಾರು ಇದ್ದದ್ದು ಕೊಂಡವರ ಅಂಗಳದಲ್ಲಿ.

ಹಂತ 3: ಜಾಗ ಮತ್ತು ದಾರಿ ಅಳೆಯಿರಿ

ಶೆಡ್ಡು ಅಳೆದರೆ ಸಾಲದು. ಹೆದ್ದಾರಿಯಿಂದ ಮನೆವರೆಗಿನ ದಾರಿ ಅಳೆಯಿರಿ. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿದೆ ನಿಜ. ಅಲ್ಲಿಂದ ಒಳಗೆ ತಿರುಗಿದ ಮೇಲಿನ ಪಂಚಾಯತ್ ರಸ್ತೆ, ಗುಡ್ಡೆಯ ತಿರುವು, ಎರಡೂ ಬದಿಯ ಕೆಂಪುಕಲ್ಲಿನ ಕಾಂಪೌಂಡ್, ತೋಟದ ಮೇಲೆ ಜೋತಾಡುವ ಕರೆಂಟಿನ ತಂತಿ, ಇವನ್ನೆಲ್ಲ ಟೇಪು ಹಿಡಿದು ನೋಡಿ. ವಾಹನ ಬರುವುದು ಅದರ ಕಾಲಿನ ಮೇಲಲ್ಲ, ಲಾರಿಯ ಮೇಲೆ. ಲಾರಿಯ ಎತ್ತರ ಕೂಡಿಸಿ ಲೆಕ್ಕ ಹಾಕಿ.

ಹಂತ 4: ಹುಡುಕುವುದು ಎಲ್ಲಿ

ವಿದೇಶದಲ್ಲಿ ಪ್ರಾಪ್‌ಸ್ಟೋರ್, ಹೆರಿಟೇಜ್, ಜೂಲಿಯನ್ಸ್ ಇವು ಸಿನಿಮಾ ಸಾಮಾನಿನ ಹರಾಜಿಗೆ ಹೆಸರಾದವು. ಪೂರ್ತಿ ಕಾರುಗಳು ಬ್ಯಾರೆಟ್-ಜಾಕ್ಸನ್, ಬೋನಮ್ಸ್, ಮೀಕಮ್ ಹರಾಜುಗಳಲ್ಲೂ ಬರುತ್ತವೆ. ಹಳೆಯ ಹರಾಜುಗಳ ಕ್ಯಾಟಲಾಗ್ ಓದುತ್ತಾ ಹೋಗಿ. ಒಂದೇ ವಾಹನ ಎರಡು ಸಲ ಮಾರಾಟವಾಗಿ, ಎರಡು ಸಲ ಬೇರೆ ಬೇರೆ ಕಥೆ ಹೇಳಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ನನ್ನನ್ನು ಕೇಳಿದರೆ ಮೊದಲ ವಾಹನ ಭಾರತದ್ದೇ ಆಗಿರಲಿ. ನಮ್ಮ ಸಿನಿಮಾಗಳಿಗೂ ಈಗ ದೊಡ್ಡ ವಾಹನಗಳನ್ನು ನಿಜವಾಗಿಯೇ ಕಟ್ಟುತ್ತಿದ್ದಾರೆ. 2024ರ 'ಕಲ್ಕಿ 2898 ಎಡಿ'ಗೆ ಬುಜ್ಜಿ ಎಂಬ ಸುಮಾರು 6 ಟನ್ ತೂಕದ ವಿದ್ಯುತ್ ವಾಹನವನ್ನು ಮಹೀಂದ್ರ ಮತ್ತು ಕೊಯಮತ್ತೂರಿನ ಜಯಂ ಕಂಪನಿ ಸೇರಿ ಮಾಡಿದರು. ಕಾಸರಗೋಡಿನಿಂದ ಕೊಯಮತ್ತೂರಿಗೆ ನೇರ ರೈಲಿದೆ. ಇಂಥ ಕೆಲಸ ಮಾಡುವವರು ಇಷ್ಟು ಹತ್ತಿರ ಇದ್ದರೆ ಯಾವುದನ್ನು ಯಾರು ಯಾವಾಗ ಮಾಡಿದರು ಎಂದು ಹೋಗಿ ಮುಖತಃ ಕೇಳಬಹುದು. ಲಾಸ್ ಏಂಜಲೀಸಿನಲ್ಲಿ ಅದು ಆಗುವ ಮಾತಲ್ಲ.

ಕೊಚ್ಚಿ, ಚೆನ್ನೈ, ಹೈದರಾಬಾದ್, ಬೆಂಗಳೂರಿನ ಕಲಾ ವಿಭಾಗದವರನ್ನು, ಪ್ರೊಡಕ್ಷನ್ ಮ್ಯಾನೇಜರುಗಳನ್ನು ಪರಿಚಯ ಮಾಡಿಕೊಳ್ಳಿ. ಒಂದು ವಿಷಯ ನೆನಪಿರಲಿ. ಶೂಟಿಂಗಿಗೆ ಬಂದ ಮಾಮೂಲಿ ಕಾರು, ಬೈಕು ಹೆಚ್ಚಾಗಿ ಬಾಡಿಗೆಯವು. ಮಾರುವ ಹಕ್ಕು ನಿರ್ಮಾಪಕರಿಗಲ್ಲ, ಆರ್‌ಸಿಯಲ್ಲಿ ಹೆಸರಿರುವವರಿಗೆ.

ಹಂತ 5: ಕಾಗದದ ಸರಪಳಿ ನೋಡಿ

ಕೊಳ್ಳುವುದು ಕಾರನ್ನಲ್ಲ, ಅದರ ಹಿಂದಿನ ಕಾಗದವನ್ನು. ಜಾಗ ತೆಗೆದುಕೊಳ್ಳುವಾಗ ಹಿಂದಿನ ಆಧಾರ ಪತ್ರಗಳನ್ನೆಲ್ಲ ಬಿಚ್ಚಿ ನೋಡುತ್ತೇವಲ್ಲ, ಹಾಗೆಯೇ ಇಲ್ಲೂ ಸ್ಟುಡಿಯೋದಿಂದ ಇವತ್ತಿನ ಮಾಲೀಕನವರೆಗೆ ಒಂದು ಕೊಂಡಿಯೂ ತಪ್ಪಿರಬಾರದು.

ಕೇಳಬೇಕಾದವು ಇವು: ಸ್ಟುಡಿಯೋ ಮಾರಿದ ಪತ್ರ, ಸ್ಟುಡಿಯೋದ ಆಸ್ತಿ ಸಂಖ್ಯೆಯ ಚೀಟಿ, ಚಿತ್ರೀಕರಣದ ವಾಹನ ವಿಭಾಗದ ದಾಖಲೆ, ಕಟ್ಟುವಾಗ ತೆಗೆದ ಫೋಟೋಗಳು, ಅಡಿಯಲ್ಲಿರುವ ಮೂಲ ಕಾರಿನ ಚಾಸಿ ನಂಬರ್. ಸಿನಿಮಾ ವಾಹನ ಹೆಚ್ಚಾಗಿ ಯಾವುದೋ ಮಾಮೂಲಿ ಕಾರಿನ ಮೇಲೆ ಕಟ್ಟಿದ್ದು. ಆ ನಂಬರ್ ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದಕ್ಕೆ ಹುಟ್ಟಿದ ದಿನವೇ ಇಲ್ಲ.

'ಅಸಲಿತನದ ಪ್ರಮಾಣಪತ್ರ' ಎಂಬ ಹೊಳೆಯುವ ಕಾಗದ ನೋಡಿ ಮರುಳಾಗಬೇಡಿ. ಅದರ ಬೆಲೆ ಸಹಿ ಹಾಕಿದವರ ಬೆಲೆ ಅಷ್ಟೇ. ಮಾರುವವನೇ ಬರೆದು ಮಾರುವವನೇ ಸಹಿ ಹಾಕಿದ್ದರೆ ಸುಮ್ನೆ ಪಕ್ಕಕ್ಕಿಡಿ.

ಈಗ ಡಿಸ್ಕು ತೆಗೆಯಿರಿ. ದೃಶ್ಯ ನಿಲ್ಲಿಸಿ, ಚೌಕಟ್ಟು ಚೌಕಟ್ಟಾಗಿ ನೋಡಿ. ವೆಲ್ಡಿಂಗಿನ ಗಂಟು, ಬೋಲ್ಟು ಕೂತ ಜಾಗ, ಬಣ್ಣದ ಹನಿ, ಹಳೆಯ ಗೀರು, ಇವು ಒಂದು ವಾಹನದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಮಾರುವವರ ಫೋಟೋದಲ್ಲಿ ಅದೇ ಗುರುತು ಅದೇ ಜಾಗದಲ್ಲಿ ಕಂಡರೆ ತೆರೆಯ ಮೇಲೆ ಬಂದದ್ದು ಅದೇ ಎಂದು ಧೈರ್ಯವಾಗಿ ಹೇಳಬಹುದು. ಎರಡಾದರೂ ಬೇರೆ ಬೇರೆ ಗುರುತು ಹೊಂದಬೇಕು. ಒಂದು ಗೀರನ್ನು ಆಮೇಲೆ ಯಾರು ಬೇಕಾದರೂ ಕೊರೆಯಬಹುದು. ತೀರಾ ಹೊಸದಾಗಿ ಬಣ್ಣ ಬಳಿದಿದ್ದರೆ ಹೊಂದಿಸಲು ಗುರುತೇ ಉಳಿದಿರುವುದಿಲ್ಲ. "ರಿಸ್ಟೋರ್ ಮಾಡಿಸಿದ್ದೇವೆ" ಎಂಬ ಮಾತು ಇಲ್ಲಿ ಹೊಗಳಿಕೆ ಅಲ್ಲ.

ಭಾರತದ ವಾಹನವಾದರೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಮಾಲೀಕ, ಸಾಲ, ಫಿಟ್ನೆಸ್, ವಿಮೆ ನೋಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರ್ಮ್ 35, ಬೇರೆ ರಾಜ್ಯದಿಂದ ತರುವುದಕ್ಕೆ ಎನ್‌ಒಸಿಯ ಫಾರ್ಮ್ 28. ಕೆಎ ನಂಬರಿನ ಗಾಡಿಯನ್ನು ತಲಪಾಡಿ ದಾಟಿಸಿ ವರ್ಷಗಟ್ಟಲೆ ಹಾಗೇ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕೆಎಲ್-14ಕ್ಕೆ ಬದಲಾಯಿಸಲೇಬೇಕು.

ಹಂತ 6: ಒಡಲನ್ನು ಮುಟ್ಟಿ ನೋಡಿ

ಸಿನಿಮಾ ವಾಹನವನ್ನು ಕಟ್ಟುವುದು ಕೆಲವು ತಿಂಗಳ ಶೂಟಿಂಗಿಗೆ. ಬಾಳಿಕೆಗೆ ಅಲ್ಲ. ಅಯಸ್ಕಾಂತ ಹಿಡಿದರೆ ಎಲ್ಲಿ ಕಬ್ಬಿಣ, ಎಲ್ಲಿ ಫೈಬರ್ ಎಂದು ತಿಳಿಯುತ್ತದೆ. ಫೈಬರನ್ನು ಬೆರಳಿನ ಗಂಟಿನಿಂದ ತಟ್ಟಿ. ಮಂದ ಸದ್ದು ಬಂದರೆ ಪದರ ಬಿಟ್ಟಿದೆ. ಫೋಮು ಪುಡಿಯಾಗುತ್ತಿದೆಯೇ, ರಬ್ಬರು ಅಂಟಂಟಾಗಿದೆಯೇ ನೋಡಿ. ಇವೆರಡೂ ಶುರುವಾದರೆ ನಿಲ್ಲಿಸುವುದು ಕಷ್ಟ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಸಿನಿಮಾ ಬಂದ ವರ್ಷಕ್ಕಿಂತ ಟಯರು ಹೊಸದಾಗಿದ್ದರೆ ಯಾವಾಗ ಬದಲಾಯಿಸಿದರು ಎಂದು ಕೇಳಿ.

ನೀವೇ ಹೋಗಲಾಗದಿದ್ದರೆ ಆ ಊರಿನ ಸ್ವತಂತ್ರ ಪರೀಕ್ಷಕರನ್ನು ಹಣ ಕೊಟ್ಟು ಕಳಿಸಿ. ಹರಾಜಿನವರ ವರದಿ ಅವರ ಗಿರಾಕಿಗಾಗಿ ಬರೆದದ್ದು. ಅವರ ಗಿರಾಕಿ ಮಾರುವವನು.

ಹಂತ 7: ಪೂರ್ತಿ ಖರ್ಚಿನ ಲೆಕ್ಕ

ಸುತ್ತಿಗೆ ಬಿದ್ದ ಬೆಲೆ, ಅಂದರೆ ಹರಾಜು ನಿಂತ ಕೊನೆಯ ಬಿಡ್, ಶುರು ಮಾತ್ರ. 1966ರ ಬ್ಯಾಟ್‌ಮೊಬೈಲ್ 2013ರ ಜನವರಿಯಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ 42 ಲಕ್ಷ ಡಾಲರಿಗೆ ನಿಂತಿತು. ಕೊಂಡವರು ಕೊಟ್ಟದ್ದು ಹರಾಜಿನವರ ಕಮಿಷನ್ ಸೇರಿ 46.2 ಲಕ್ಷ. ಅಲ್ಲಿ 10%. ಸಿನಿಮಾ ಸಾಮಾನಿನ ಹರಾಜುಗಳಲ್ಲಿ ಇದು 25% ಸುತ್ತಮುತ್ತ ಇರುತ್ತದೆ.

ಉದಾಹರಣೆಗೆ 20,000 ಪೌಂಡಿಗೆ ನಿಂತ ವಾಹನ ಎಂದಿಟ್ಟುಕೊಳ್ಳಿ. ಕಮಿಷನ್ ಸೇರಿ 25,000. ಹಡಗು, ವಿಮೆಗೆ 5,000 ಹಾಕಿದರೆ 30,000. ಹಳೆ ಕಾರು ಎಂದು ವರ್ಗವಾದರೆ ಸುಂಕವೇ ಈ 30,000ವನ್ನು ಮೀರುತ್ತದೆ. ಅದರ ಮೇಲೆ ಜಿಎಸ್‌ಟಿ. ಒಟ್ಟು ಸುತ್ತಿಗೆ ಬೆಲೆಯ ನಾಲ್ಕು ಪಟ್ಟು ದಾಟಿದರೂ ಆಶ್ಚರ್ಯ ಇಲ್ಲ. ಬೆಲೆ ಕಡಿಮೆ ತೋರಿಸಿ ಇನ್‌ವಾಯ್ಸ್ ಮಾಡಿಸುವ ಯೋಚನೆ ಬೇಡ. ಹರಾಜಿನ ಫಲಿತಾಂಶ ಜಗತ್ತಿಗೇ ಕಾಣುತ್ತದೆ, ಕಸ್ಟಮ್ಸಿನವರಿಗೂ ಕಾಣುತ್ತದೆ.

ಹಣ ಕಳಿಸುವ ದಾರಿಯನ್ನೂ ಮೊದಲೇ ಬ್ಯಾಂಕಿನಲ್ಲಿ ಕೇಳಿ. ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರಿನ ಮಿತಿ ಇದೆ. ಸರಕು ತರುವುದಾದರೆ ಬ್ಯಾಂಕಿನವರು ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಬಗ್ಗೆ ಕಸ್ಟಮ್ಸಿಗೆ ಸಲ್ಲಿಸುವ ಪತ್ರ) ಕೇಳುತ್ತಾರೆ. ಗಲ್ಫಿನ ನೆಂಟರ ಖಾತೆಯಿಂದ ಕಟ್ಟಿಸಿದರೆ ಕೊಂಡವರು ಯಾರು, ತರುವವರು ಯಾರು ಎಂಬ ಪ್ರಶ್ನೆಗೆ ನೀವೇ ಉತ್ತರ ಹೇಳಬೇಕಾಗುತ್ತದೆ.

ಹಂತ 8: ಬಿಡ್ ಮತ್ತು ಕರಾರು

ಗರಿಷ್ಠ ಮೊತ್ತ ಬರೆದಿಟ್ಟು ಕೂರಿ, ದಾಟಬೇಡಿ. ಬಿಡ್ ಹಾಕುವ ಮೊದಲು ಕರಾರಿನ ಸಣ್ಣ ಅಕ್ಷರ ಓದಿ. ಹಲವು ಸಲ ಓಡಿಸಬಾರದು, ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಇರುತ್ತದೆ. ಎಷ್ಟು ದಿನದೊಳಗೆ ಎತ್ತಬೇಕು, ತಡವಾದರೆ ದಿನಕ್ಕೆ ಎಷ್ಟು ಬಾಡಿಗೆ ಎಂದೂ ನೋಡಿ.

ಹಂತ 9: ಸಾಗಣೆ

ಮಾಮೂಲಿ ಕಂಟೇನರಿನ ಬಾಗಿಲು ಸುಮಾರು 2.34 ಮೀಟರ್ ಅಗಲ. ಅದರಲ್ಲಿ ಹೋಗದ್ದು ಬದಿ ಇಲ್ಲದ ಫ್ಲಾಟ್ ರ್‍ಯಾಕಿನಲ್ಲಿ ಬರಬೇಕು, ಬಾಡಿಗೆ ಹೆಚ್ಚು, ಉಪ್ಪು ನೀರಿನ ಹೊಡೆತವೂ ಹೆಚ್ಚು. ಪೆಟ್ರೋಲ್ ಪೂರ್ತಿ ತೆಗೆಸಿ, ಬ್ಯಾಟರಿ ಬಿಚ್ಚಿಸಿ. ಮರದ ಪೆಟ್ಟಿಗೆಯಾದರೆ ಹುಳ ಬಾರದಂತೆ ಸಂಸ್ಕರಿಸಿದ ಐಎಸ್‌ಪಿಎಂ-15 ಮುದ್ರೆ ಇರಲೇಬೇಕು. ಮುಂಬೈಯಿಂದ ಕೆಳಗೆ ತರಲು ಮುಚ್ಚಿದ ಲಾರಿಯೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಿಸಲೇಬೇಡಿ.

ಹಂತ 10: ನಮ್ಮ ಮಳೆಗಾಲದಲ್ಲಿ ಕಾಪಾಡುವುದು

ವಿದೇಶದ ಪುಸ್ತಕಗಳು ಹೇಳುವ ಗ್ಯಾರೇಜು ಬೇರೆ, ನಮ್ಮ ಶೆಡ್ಡು ಬೇರೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಕರಾವಳಿಯಲ್ಲಿ ಉಪ್ಪುಗಾಳಿ ಬೇರೆ.

ದೊಡ್ಡ ತಪ್ಪು ಟಾರ್ಪಾಲು. ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಹತ್ತಿ ಬಟ್ಟೆಯ ಹೊದಿಕೆ ಹಾಕಿ. ಕೋಣೆಯ ತೇವ 50%ರ ಆಸುಪಾಸಿನಲ್ಲಿ ಇರುವಂತೆ ಡಿಹ್ಯುಮಿಡಿಫೈಯರ್ ಇಡಿ. ಕರೆಂಟು ಹೋದಾಗಲೂ ನಡೆಯುವಂತೆ ಇನ್‌ವರ್ಟರ್ ಬೇಕು. ಆಟಿ ತಿಂಗಳಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ತಪ್ಪು ನಮ್ಮ ಕೃಷಿಕರದ್ದೇ. ಅಡಿಕೆಗೆ ಹೊಡೆಯುವ ಮೈಲುತುತ್ತು, ಸುಣ್ಣ ಇಟ್ಟ ಕೊಟ್ಟಿಗೆಯಲ್ಲೇ ವಾಹನವನ್ನೂ ಇಡುತ್ತಾರೆ. ಮೈಲುತುತ್ತು ಲೋಹವನ್ನು ತಿನ್ನುತ್ತದೆ. ರಬ್ಬರ್ ಹಾಲು ಹೆಪ್ಪು ಹಾಕುವ ಫಾರ್ಮಿಕ್ ಆಸಿಡಿನ ಕ್ಯಾನು ಇದ್ದರೆ ಅದರ ಆವಿಯೂ ಸಾಕು ತುಕ್ಕಿಗೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನಡಿ ಇಡುವುದೂ ಬೇಡ, ಬೇಸಿಗೆಯ ಸೆಕೆಗೆ ಫೈಬರ್ ಬಿರಿಯುತ್ತದೆ.

ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಇಲಿ ವಯರು ಕಡಿಯುತ್ತದೆ, ಮರದ ಚೌಕಟ್ಟು ಇದ್ದರೆ ಗೆದ್ದಲು ಹಿಡಿಯುತ್ತದೆ. ವಾರಕ್ಕೊಮ್ಮೆ ಟಾರ್ಚು ಹಿಡಿದು ಅಡಿಯಲ್ಲಿ ನೋಡಿ. ಮಣ್ಣಿನ ಸಣ್ಣ ಗೆರೆ ಮೇಲೇರುತ್ತಿದ್ದರೆ ಅದೇ ಮೊದಲ ಸೂಚನೆ. ಗೀರು ಕಂಡರೆ ಪೇಂಟರನ್ನು ಕರೆಯಬೇಡಿ. ಆ ಗೀರು ಸಿನಿಮಾದ್ದಾಗಿರಬಹುದು.

ರಸ್ತೆ ನೋಂದಣಿ ಇಲ್ಲದ ವಸ್ತುವಿಗೆ ಮಾಮೂಲಿ ವಾಹನ ವಿಮೆ ಹೊಂದುವುದಿಲ್ಲ. ಬೆಲೆ ಮೊದಲೇ ಒಪ್ಪಿಕೊಂಡ ಆಸ್ತಿ ವಿಮೆ ಕೇಳಿ. ನೆರೆ, ಬೆಂಕಿ, ಮರ ಬೀಳುವುದು ಇವು ಅದರಲ್ಲಿವೆಯೇ ಎಂದು ಓದಿ ನೋಡಿ.

ಹಂತ 11: ಜನರಿಗೆ ತೋರಿಸುವಾಗ

ವಾಹನ ನಿಮ್ಮದು, ಅದರ ವಿನ್ಯಾಸ ನಿಮ್ಮದಲ್ಲ. 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಬ್ಯಾಟ್‌ಮೊಬೈಲ್ ಒಂದು ಪಾತ್ರವೇ, ಅದಕ್ಕೂ ಕೃತಿಸ್ವಾಮ್ಯ ಇದೆ ಎಂದು ತೀರ್ಪು ಕೊಟ್ಟಿತು. ಸೋತವರು ಅನುಮತಿ ಇಲ್ಲದೆ ನಕಲು ಮಾಡಿ ಮಾರುತ್ತಿದ್ದವರು. ಮನೆಗೆ ಬಂದವರಿಗೆ ತೋರಿಸಿ, ಯಾರೂ ಕೇಳುವುದಿಲ್ಲ. ಟಿಕೆಟ್ ಇಟ್ಟು ಪ್ರದರ್ಶನ, ಹೊಸ ಚಿನ್ನದಂಗಡಿಯ ಉದ್ಘಾಟನೆಗೆ ಬಾಡಿಗೆ, ಫ್ಲೆಕ್ಸಿನಲ್ಲಿ ಚಿತ್ರ, ಇವಕ್ಕೆ ಹೋಗುವ ಮೊದಲು ವಕೀಲರಲ್ಲಿ ಕೇಳಿ.

ಶಾಲೆಯ ವಾರ್ಷಿಕೋತ್ಸವ, ಜಾತ್ರೆಯ ಗದ್ದೆ ಎಂದರೆ ಖಾಸಗಿ ಜಾಗ ಎಂದುಕೊಳ್ಳಬೇಡಿ. ಜನರಿಗೆ ಹೋಗಿಬರುವ ಹಕ್ಕಿರುವ ಜಾಗ ಕಾನೂನಿನಲ್ಲಿ ಸಾರ್ವಜನಿಕವೇ. ನೋಂದಣಿ ಇಲ್ಲದ್ದನ್ನು ಅಲ್ಲಿ ಹತ್ತು ಅಡಿಯೂ ಓಡಿಸುವಂತಿಲ್ಲ. ಲಾರಿಯ ಮೇಲೆಯೇ ಇಟ್ಟು ತೋರಿಸಿ, ಕೆಳಗೆ ಇಳಿಸಬೇಡಿ. ಬೆಲ್ಟನ್ನು ಚಾಸಿಗೆ ಬಿಗಿಯಿರಿ. ಫೈಬರಿನ ರೆಕ್ಕೆಗೆ ಹಗ್ಗ ಕಟ್ಟಿದರೆ ಮೊದಲ ಹಂಪಿನಲ್ಲೇ ರೆಕ್ಕೆ ಕೈಗೆ ಬರುತ್ತದೆ.